ರಬ್ಬರ್ ರಿಂಗಿನ ಹಿಂದೆ ನಿಂತ ಸಕ್ಕರೆ ನೀರು

ನಿಮಗೂ ಹೀಗಾದದ್ದುಂಟಾ? ಆಸ್ಪತ್ರೆಯಲ್ಲಿ ನಿಮ್ಮವರು ಯಾರೋ ಮಲಗಿದ್ದಾರೆ. ಗ್ಲೂಕೋಸ್ ಬಾಟ್ಲಿ ತೂಗುತ್ತಿದೆ. ನೀವು ಸ್ಟೂಲಿನ ಮೇಲೆ ಕೂತು ಹನಿ ಬೀಳುವುದನ್ನು ನೋಡುತ್ತಿದ್ದೀರಿ. ಸ್ವಲ್ಪ ಹೊತ್ತಿಗೆ ಹಾಸಿಗೆಯ ಬಟ್ಟೆ ಮುಟ್ಟಿದರೆ ಒದ್ದೆ. ಟ್ಯೂಬಿಗೆ ಟ್ಯೂಬು ಸೇರುವ ಜಾಗದಿಂದ ನೀರು ಜಿನುಗುತ್ತಿದೆ. ನರ್ಸ್ ಬಂದು, ಗೊಣಗಿ, ಒಂದು ತುಂಡು ಬಿಳಿ ಪ್ಲಾಸ್ಟರ್ ಸುತ್ತಿ ಹೋಗುತ್ತಾರೆ. ಜಿನುಗುವುದು ನಿಂತಿತು ಎಂದು ನೀವು ಸಮಾಧಾನ ಮಾಡಿಕೊಳ್ಳುತ್ತೀರಿ. ಆ ಪ್ಲಾಸ್ಟರಿನ ಅಡಿಯಲ್ಲಿ ಏನು ನಡೆಯುತ್ತಿದೆ ಎಂದು ಯೋಚಿಸಿದ್ದೀರಾ? ಇಲ್ಲ ಅಲ್ವಾ. ಅದನ್ನು ಯೋಚಿಸುವುದು ನಿಮ್ಮ ಕೆಲಸವಲ್ಲ. ಅದು ನನ್ನ ಕೆಲಸವಾಗಿತ್ತು. ನಾನು ಅದನ್ನು ಸರಿಯಾಗಿ ಮಾಡಲಿಲ್ಲ.

ಮೊನ್ನೆ ನನ್ನ ಈ ಪುಟದ ಕೆಳಗೆ ಒಬ್ಬಳು ಹುಡುಗಿ ಬರೆದು ಕೇಳಿದ್ದಳು. "ಮೇಡಂ, ಆಸ್ಪತ್ರೆ ಟ್ಯೂಬುಗಳ ಕನೆಕ್ಟರ್ ಮಾಡುವ ಕಂಪೆನಿಗೆ ಡಿಸೈನರ್ ಆಗಿ ಸೇರ್ತಾ ಇದ್ದೇನೆ. ನೀವು ಇದೇ ಕೆಲಸ ಮಾಡಿದವರಂತೆ. ಏನಾದ್ರೂ ಹೇಳಿ." ಹೇಳುತ್ತೇನೆ. ಆದರೆ ಉತ್ಸಾಹ ತುಂಬುವ ಮಾತು ಬೇಕಿದ್ದರೆ ಬೇರೆಯವರ ಹತ್ತಿರ ಕೇಳಮ್ಮ. ನನ್ನ ಹತ್ತಿರ ಇರುವುದು ಇದೇ.

ನನ್ನ ಹೆಸರು ಐರಿನ್. ಊರು ಶಿರ್ವ. ಎಪ್ಪತ್ತರ ದಶಕದ ಮೊದಲಲ್ಲಿ ಯಂತ್ರದ ಭಾಗಗಳ ಡ್ರಾಯಿಂಗ್ ಕಲಿತೆ. ಕ್ಲಾಸಿನಲ್ಲಿ ನಾನೊಬ್ಬಳೇ ಹೆಣ್ಣು. ಕಲಿತು ಮುಗಿಸಿದ ಮೇಲೆ ಮಣಿಪಾಲದ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕಂಪೆನಿ ಎಂದು ಬೋರ್ಡು ಇತ್ತು, ಇದ್ದದ್ದು ಮಾತ್ರ ಶೆಡ್ಡು. ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಅವರು ಮೊದಲು ಸೀಮೆಎಣ್ಣೆ ಸ್ಟವ್ವಿನ ಬರ್ನರ್ ಮಾಡುತ್ತಿದ್ದವರು. ಯಾರೋ ಡಾಕ್ಟರರು, "ಬರ್ನರ್ ಮಾಡ್ತೀರಿ, ಹೊರದೇಶದಿಂದ ಬರುವ ಈ ಹಿತ್ತಾಳೆ ಜಾಯಿಂಟ್ ನಿಮಗೆ ಆಗುದಿಲ್ವಾ?" ಎಂದು ಕೇಳಿದರಂತೆ. ಅಲ್ಲಿಂದ ಆಸ್ಪತ್ರೆಯ ಜಾಯಿಂಟು ಶುರು. ಟ್ಯೂಬಿನ ಒಂದು ತುದಿಯನ್ನು ಇನ್ನೊಂದಕ್ಕೆ, ಟ್ಯೂಬನ್ನು ಸೂಜಿಗೆ, ಬಾಟ್ಲಿಯನ್ನು ಟ್ಯೂಬಿಗೆ ಸೇರಿಸುವ, ಬೆರಳಿನ ಗೆಣ್ಣಿನಷ್ಟು ಉದ್ದದ ತುಂಡುಗಳು.

ರಾಯರ ತತ್ವ ಒಂದೇ. "ಲೀಕ್ ಅಂದ್ರೆ ಲೀಕ್. ಸ್ಟವ್ವಿಗೂ ಅದೇ, ಮನುಷ್ಯನಿಗೂ ಅದೇ." ನನಗೆ ಅದು ಸರಿ ಎಂದೇ ಕಂಡಿತ್ತು. ಸ್ಟವ್ವಿನ ಒಳಗೆ ಕೀಟಾಣು ಬೆಳೆದರೆ ಯಾರೂ ಸಾಯುವುದಿಲ್ಲ ಎನ್ನುವ ವ್ಯತ್ಯಾಸ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಲೇತಿನಲ್ಲಿ ಇದ್ದದ್ದು ಸದಾನಂದ. ನನಗಿಂತ ಹತ್ತು ವರ್ಷ ದೊಡ್ಡವರು, ನಾವೆಲ್ಲ ಸದಣ್ಣ ಎನ್ನುತ್ತಿದ್ದೆವು. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಜೊತೆ ತಂಗಿ ಜಲಜ. ಅಪ್ಪ ಇಲ್ಲದ ಮನೆ. ಅಮ್ಮ, ಇವರಿಬ್ಬರು, ಮತ್ತೆ ಸದಣ್ಣನ ಹೆಂಡತಿ. ತಂಗಿಯನ್ನು ಕೆಲಸಕ್ಕೆ ತಂದು ಸೇರಿಸಿದವರು ಸದಣ್ಣನೇ. ಮಧ್ಯಾಹ್ನ ಇಬ್ಬರೂ ಒಂದೇ ಬುತ್ತಿಯಿಂದ ತಿನ್ನುತ್ತಿದ್ದರು. ಮೀನಿನ ತುಂಡು ಯಾವಾಗಲೂ ತಂಗಿಯ ಕಡೆಗೆ ಹೋಗುತ್ತಿತ್ತು.

ನನ್ನ ಮೊದಲ ದೊಡ್ಡ ತಪ್ಪನ್ನು ಹಿಡಿದವರು ಸದಣ್ಣ. ಈ ಜಾಯಿಂಟುಗಳಲ್ಲಿ ಸ್ಕ್ರೂ ಇರುವುದಿಲ್ಲ. ಒಂದು ತುದಿ ಸ್ವಲ್ಪ ಸ್ವಲ್ಪವೇ ಸಪೂರ ಆಗುತ್ತಾ ಹೋಗುತ್ತದೆ, ಇನ್ನೊಂದರ ತೂತೂ ಅದೇ ಲೆಕ್ಕದಲ್ಲಿ ಸಪೂರ ಆಗುತ್ತದೆ, ಒತ್ತಿ ತಿರುಗಿಸಿದರೆ ಕಚ್ಚಿ ಹಿಡಿಯುತ್ತದೆ. ಇದಕ್ಕೆ ಟೇಪರ್ ಎನ್ನುತ್ತೇವೆ. ಹೊರದೇಶದ ಸ್ಯಾಂಪಲ್ ಒಂದನ್ನು ಸವೆದ ವರ್ನಿಯರಿನಲ್ಲಿ ಅಳೆದು, ಹದಿನೈದಕ್ಕೆ ಒಂದು ಎಂದು ಬರೆದೆ. ನಿಜವಾದ ಲೆಕ್ಕ ನೂರಕ್ಕೆ ಆರು. ಕಾಗದದಲ್ಲಿ ಇದು ಕೂದಲೆಳೆಯ ವ್ಯತ್ಯಾಸ. ನಮ್ಮ ಎರಡು ತುಂಡು ಒಂದಕ್ಕೊಂದು ಚೆನ್ನಾಗಿ ಕೂತವು. ಆಸ್ಪತ್ರೆಯಲ್ಲಿದ್ದ ಬೇರೆ ಕಡೆಯ ಸೂಜಿಗೆ ಸಿಕ್ಕಿಸಿದರೆ ಮಾತ್ರ ಹಲ್ಲು ಸಡಿಲಾದ ಹಾಗೆ ಅಲ್ಲಾಡುತ್ತಿದ್ದವು.

ಸದಣ್ಣ ಒಂದು ಸೂಜಿಯ ತುದಿಗೆ ನೀಲಿ ಬಣ್ಣ ಸವರಿ, ನಮ್ಮ ತುಂಡಿಗೆ ಒತ್ತಿ, ಬಿಡಿಸಿ, ನನ್ನ ಮೇಜಿನ ಮೇಲೆ ಇಟ್ಟರು. ಬಾಯಂಚಿನಲ್ಲಿ ಮಾತ್ರ ಒಂದು ತೆಳು ನೀಲಿ ಗೆರೆ. ಒಳಗೆಲ್ಲ ಖಾಲಿ.

"ನಿಮ್ಮ ಕಾಗದದಲ್ಲಿ ಅದು ಮುಟ್ಟಿದೆ ಮಾರಾಯ್ರೆ. ಹಿತ್ತಾಳೆಯಲ್ಲಿ ಮುಟ್ಟಿಲ್ಲ."

"ಈಗ ಎಂತ ಮಾಡುದು ಸದಣ್ಣ?"

"ಎಂತ ಮಾಡುದು. ಕರಗಿಸುದು. ರಾಯರಿಗೆ ನೀವೇ ಹೇಳಿ, ನಾನು ಚಾ ಕುಡಿದು ಬರ್ತೇನೆ."

ಇಡೀ ಲಾಟು ಕುಲುಮೆಗೆ ಹೋಯಿತು. ಆದರೆ ಆ ತಪ್ಪಿನಿಂದ ಯಾರಿಗೂ ಏನೂ ಆಗಲಿಲ್ಲ, ಯಾಕೆಂದರೆ ಜಿನುಗಿದ್ದು ಕಣ್ಣಿಗೆ ಕಾಣುತ್ತಿತ್ತು. ಕಾಣುವ ತಪ್ಪು ಮಾಡಿದರೆ ಬೈಗಳು ಸಿಕ್ಕಿ ಮುಗಿಯುತ್ತದೆ. ಇದನ್ನು ಈ ಹುಡುಗಿ ಒಂದು ಕಡೆ ಬರೆದಿಟ್ಟುಕೊಳ್ಳಲಿ.

ಆಸ್ಪತ್ರೆಯ ವಾರ್ಡು ನೋಡದೆ ನಾನು ಮೂರು ವರ್ಷ ಡ್ರಾಯಿಂಗ್ ಮಾಡಿದೆ. ಉಡುಪಿಯ ಒಂದು ಸಣ್ಣ ಆಸ್ಪತ್ರೆಗೆ ನಮ್ಮ ಮಾಲು ಹೋಗುತ್ತಿತ್ತು. ಹೆಸರು ಬೇಡ, ಈಗ ಅದು ಇಲ್ಲ. ಅಲ್ಲಿ ಕೇರಳದ ಒಬ್ಬರು ಹಿರಿಯ ನರ್ಸ್ ಇದ್ದರು, ಲೀಲಮ್ಮ. ಅವರೇ ಒಂದು ಸಲ ಫೋನಿನಲ್ಲಿ ಹೇಳಿದರು: "ನೀವು ಕಾಗದ ಕಳಿಸುದು ಸಾಕು. ಒಂದು ದಿವಸ ಬಂದು ಇಲ್ಲಿ ನಿಂತು ನೋಡಿ." ಹೋಗಿ ನಿಂತೆ. ಒಬ್ಬ ನರ್ಸಿಗೆ ಒಂದು ಕೈಯಲ್ಲಿ ರೋಗಿಯ ತೋಳು, ಇನ್ನೊಂದು ಕೈಯಲ್ಲಿ ಬಾಟ್ಲಿ. ಬಿಚ್ಚಿದ ಟ್ಯೂಬಿನ ತುದಿ ಹಿಡಿಯಲು ಮೂರನೇ ಕೈ ಇಲ್ಲ. ಆ ತುದಿ ಹೋಗಿ ತಲೆದಿಂಬಿನ ಮೇಲೆ ಬೀಳುತ್ತದೆ. ಮತ್ತೆ ಅದೇ ತುದಿಯನ್ನು ತೆಗೆದು ಸಿಕ್ಕಿಸುತ್ತಾರೆ.

ಶೆಡ್ಡಿಗೆ ಬಂದು, ತುದಿಯ ಸುತ್ತ ಒಂದು ತೋಳಿನ ಹಾಗೆ ಬರುವ ಹೊದಿಕೆ ಬರೆದೆ. ತುದಿ ಒಳಗೆ ಉಳಿಯುತ್ತದೆ, ಬಿದ್ದರೂ ಮುಟ್ಟಿದರೂ ಹೊದಿಕೆ ಮಾತ್ರ ಮೈಲಿಗೆ ಆಗುತ್ತದೆ. ರಾಯರು ಹಿತ್ತಾಳೆ ದಂಡ ಎಂದು ಒಂದು ವಾರ ಮುಖ ಊದಿಸಿಕೊಂಡರು. ನನ್ನ ಇಡೀ ಕೆಲಸದಲ್ಲಿ ನಾನು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಈಗ ಜಲಜಳ ಕೆಲಸ ಹೇಳಬೇಕು. ಅವಳು ಟೆಸ್ಟಿಂಗ್. ಸ್ಟವ್ವಿನ ಕಾಲದಿಂದ ಬಂದ ಪದ್ಧತಿ ಅದು: ಎರಡು ತುಂಡು ಜೋಡಿಸಿ, ಒಂದು ತುದಿಗೆ ಬೆರಳು ಒತ್ತಿ, ಇನ್ನೊಂದಕ್ಕೆ ರಬ್ಬರ್ ನಳಿಗೆ ಸಿಕ್ಕಿಸಿ, ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಬಾಯಿಯಿಂದ ಊದುವುದು. ಗುಳ್ಳೆ ಬಂದರೆ ಫೇಲು. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದ ಹಾಗೆಯೇ. ಜಲಜ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ ಗುಳ್ಳೆ ಬರುವ ಮುಂಚೆಯೇ ಕೆನ್ನೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಪಾಸಾದದ್ದಕ್ಕೆ ಒಂದು ಸಣ್ಣ ಚುಕ್ಕೆ ಪಂಚ್ ಹೊಡೆಯುತ್ತಿದ್ದಳು. ಆ ಚುಕ್ಕೆ ಇದ್ದ ಮಾಲು ವಾಪಸು ಬಂದದ್ದೇ ಇಲ್ಲ.

ಬಾಯಿಯಿಂದ ಊದುವುದು ಕೊಳಕಲ್ಲವಾ ಎಂದು ಈಗ ನೀವು ಕೇಳುತ್ತೀರಿ. ಕೊಳಕೇ. ಆದರೆ ಆಗ ಯಾವ ಜಾಯಿಂಟನ್ನೂ ಕುದಿಸದೆ ರೋಗಿಗೆ ಹಾಕುತ್ತಿರಲಿಲ್ಲ. ಅರ್ಧ ಗಂಟೆ ಕುದಿಯುವ ನೀರಲ್ಲಿ ಯಾರ ಎಂಜಲೂ ಉಳಿಯುವುದಿಲ್ಲ. ವರ್ಷಗಟ್ಟಲೆ ಹೀಗೆ ನಡೆದಿತ್ತು, ಏನೂ ಆಗಿರಲಿಲ್ಲ. ಈ ಮಾತು ನೆನಪಿಡಿ.

ಎಪ್ಪತ್ತರ ದಶಕ ಮುಗಿಯುತ್ತಾ ಬರುವಾಗ ಆ ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆಯುವ ಚಿಕಿತ್ಸೆ ಶುರು ಮಾಡಿದರು. ಕಿಡ್ನಿ ನಿಂತುಹೋದವರಿಗೆ ಹೊಟ್ಟೆಯೊಳಗೆ ಒಂದು ಟ್ಯೂಬು ಇಟ್ಟು, ಸಕ್ಕರೆ ಸೇರಿದ ನೀರನ್ನು ಬಾಟ್ಲಿ ಬಾಟ್ಲಿ ಒಳಗೆ ಬಿಟ್ಟು, ಸ್ವಲ್ಪ ಹೊತ್ತು ನಿಲ್ಲಿಸಿ, ಹೊರಗೆ ತೆಗೆಯುವುದು. ರಕ್ತದ ವಿಷ ಆ ನೀರಿನೊಂದಿಗೆ ಬರುತ್ತದೆ. ಎರಡು ಮೂರು ದಿನ ಹಗಲು ರಾತ್ರಿ ಇದೇ ಕೆಲಸ. ಟ್ಯೂಬು ದಪ್ಪ, ನೀರು ಜಾಸ್ತಿ, ರೋಗಿ ಹೊರಳಿದರೆ ಸಾಕು ನಮ್ಮ ಟೇಪರ್ ಸಡಿಲವಾಗಿ ಹಾಸಿಗೆ, ನೆಲ ಎಲ್ಲ ಒದ್ದೆ. ಲೀಲಮ್ಮ ದಿನಾ ಫೋನು. ರಾಯರಿಂದ ದಿನಾ ನನಗೆ ಅದೇ ಮಾತು.

"ಐರಿನ್, ಒಂದು ಹನಿ ಬರಬಾರದು. ಒಂದು ಹನಿ."

ನಾನು ಒಂದು ಉಪಾಯ ಮಾಡಿದೆ. ತೂತಿನ ಒಳಗೋಡೆಯಲ್ಲಿ ಸುತ್ತಲೂ ಒಂದು ಸಣ್ಣ ತೋಡು, ಅಂದರೆ ಗ್ರೂವ್, ಅದರೊಳಗೆ ಒಂದು ರಬ್ಬರ್ ರಿಂಗ್. ಇನ್ನೊಂದು ತುಂಡನ್ನು ಒತ್ತಿದರೆ ರಿಂಗ್ ಸುತ್ತಲೂ ಅಪ್ಪಿ ಹಿಡಿಯುತ್ತದೆ. ಕಾರ್ಕಳದ ಒಬ್ಬರು ರಿಂಗ್ ಮಾಡಿ ಕೊಟ್ಟರು. ಅಷ್ಟು ಸಣ್ಣ ತೂತಿನೊಳಗೆ ಗ್ರೂವ್ ತೆಗೆಯುವುದು ಸುಲಭವಲ್ಲ. ಸದಣ್ಣ ಅದಕ್ಕೆಂದೇ ಒಂದು ಉಳಿ ಮಾಡಿಕೊಂಡರು. ಉಸಿರು ಹಿಡಿದು ತೆಗೆಯುತ್ತಿದ್ದರು. ಜಲಜ ಊದಿದಳು, ಕೆನ್ನೆ ಕೆಂಪಾಗುವವರೆಗೆ ಊದಿದಳು. ಒಂದು ಗುಳ್ಳೆ ಇಲ್ಲ. ರಾಯರು ಎಲ್ಲರಿಗೂ ತಿನ್ನಲು ಬಿಸ್ಕೂಟ್ ಅಂಬಡೆ, ಕುಡಿಯಲು ಚಾ ತರಿಸಿದರು.

ಒಂದು ತೊಂದರೆ ಇತ್ತು. ಕುದಿಸಿದರೆ ಆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು. ಬಿರುಕು ಬಿಟ್ಟರೆ ಲೀಕು. ಹಾಗಾಗಿ ಮಾಲಿನ ಜೊತೆ ಹೋಗುವ ಚೀಟಿಯಲ್ಲಿ ನಾನೇ, ನನ್ನ ಕೈಯಾರೆ ಬರೆದೆ: ಕುದಿಸಬಾರದು, ಔಷಧಿ ನೀರಿನಲ್ಲಿ ನೆನೆಸಿಡಿ.

ನಿಧಾನವಾಗಿ ಓದಿಕೊಳ್ಳಿ. ಜಿನುಗಬಾರದೆಂದು ನಾನು ಕುದಿಸುವುದನ್ನು ನಿಲ್ಲಿಸಿದೆ.

ನಾಲ್ಕು ತಿಂಗಳು ಕಳೆದು ಮಾಲಿನ ಲೆಕ್ಕಕ್ಕೆಂದು ಆಸ್ಪತ್ರೆಗೆ ಹೋಗಿದ್ದಾಗ ಲೀಲಮ್ಮ ಒಂದು ಮಾತು ಹೇಳಿದರು. "ಐರಿನ್, ನಿಮ್ಮ ಹೊಸ ಜಾಯಿಂಟಿಗೆ ಇರುವೆ ಬರ್ತದೆ."

"ಇರುವೆ?"

"ತೊಳೆದು ಟ್ರೇಯಲ್ಲಿ ಇಟ್ರೆ ಸಾಲು ಕಟ್ಟಿ ಬರ್ತದೆ. ಹಳೆಯದಕ್ಕೆ ಬರ್ತಿರಲಿಲ್ಲ."

ನಾನು ನಕ್ಕೆ. "ನಿಮ್ಮ ಹುಡುಗಿಯರು ಡ್ಯೂಟಿ ರೂಮಿನಲ್ಲಿ ಬಿಸ್ಕತ್ತು ತಿಂದಿರ್ಬೇಕು ಸಿಸ್ಟರ್." ಅವರು ನಗಲಿಲ್ಲ. ನಾನು ಚೀಟಿಗೆ ಸಹಿ ಹಾಕಿಸಿ ಬನ್ನಂಜೆಯಲ್ಲಿ ಬಸ್ಸು ಹತ್ತಿದೆ. ಇರುವೆ ಎಲ್ಲಿಗೆ ಬರುತ್ತದೆ ಎಂದು ಅಂಗನವಾಡಿ ಮಗುವಿಗೂ ಗೊತ್ತಿದೆ. ನನಗೆ ಗೊತ್ತಾಗಲಿಲ್ಲ.

ಆ ವರ್ಷ ಕೊಯ್ಲು ಮುಗಿದ ಮೇಲೆ, ಬೈಹುಲ್ಲು ಎಳೆಯುತ್ತಿದ್ದಾಗ ಜಲಜಳ ಅಮ್ಮನಿಗೆ ಹಾವು ಕಚ್ಚಿತು. ಕೊಳಕು ಮಂಡಲ. ಒಂದು ದಿನ ನಾಟಿ ಮದ್ದು ಮಾಡಿ, ಮಾರನೇ ದಿನ ಉಡುಪಿಗೆ ತಂದರು. ಜೀವ ಉಳಿಯಿತು, ಕಿಡ್ನಿ ನಿಂತಿತು. ಡಾಕ್ಟರು ಸದಣ್ಣನಿಗೆ ಸ್ಪಷ್ಟವಾಗಿ ಹೇಳಿದರು: "ಈ ಹಾವಿನ ವಿಷಕ್ಕೆ ನಿಂತ ಕಿಡ್ನಿ ಎಷ್ಟೋ ಸಲ ತಾನೇ ಏಳ್ತದೆ. ಅಲ್ಲಿವರೆಗೆ ಹೊಟ್ಟೆ ತೊಳೆದು ದಾಟಿಸ್ಬೇಕು. ದಾಟಿಸಿದ್ರೆ ಮನೆಗೆ ನಡೆದುಕೊಂಡು ಹೋಗ್ತಾರೆ."

ನಾನು ಎರಡನೇ ದಿನ ನೋಡಲು ಹೋದೆ. ಅಮ್ಮನಿಗೆ ಎಚ್ಚರ ಇತ್ತು. ಜಲಜ ಮಂಚದ ಪಕ್ಕ ನೆಲದಲ್ಲಿ ಕೂತಿದ್ದಳು. ಸದಣ್ಣ ಕಿಟಕಿಯ ಹತ್ತಿರ ನಿಂತಿದ್ದರು. ಲೀಲಮ್ಮ ಬಾಟ್ಲಿ ಬದಲಿಸುತ್ತಿದ್ದರು. ಜಲಜ ನನ್ನನ್ನು ಕಂಡು ಮುಖ ಅರಳಿಸಿದಳು. ಅಮ್ಮನಿಗೆ ಧೈರ್ಯ ಹೇಳುವ ಹಾಗೆ ಟ್ಯೂಬು ತೋರಿಸಿ ಲೀಲಮ್ಮನಿಗೆ ಹೇಳಿದಳು:

"ಸಿಸ್ಟರ್, ಇದು ನಮ್ಮ ಶೆಡ್ಡಿದು. ಈ ಚುಕ್ಕೆ ಉಂಟಲ್ಲ, ಅದು ನಾನು ಹಾಕಿದ್ದು. ಅಣ್ಣ ಮಾಡಿದ್ದು, ನಾನು ಊದಿದ್ದು. ಇದು ಲೀಕ್ ಆಗುದೇ ಇಲ್ಲ."

ಲೀಲಮ್ಮನ ಕೈ ನಿಂತಿತು. "ಊದಿದ್ದು ಅಂದ್ರೆ?"

"ಬಾಯಲ್ಲಿ ಸಿಸ್ಟರ್. ಬಕೆಟ್ ನೀರಲ್ಲಿ ಮುಳುಗಿಸಿ."

ಲೀಲಮ್ಮ ನನ್ನನ್ನು ನೋಡಿದರು. "ಐರಿನ್, ಇದು ನಿಮಗೆ ಗೊತ್ತುಂಟಾ?"

"ಗೊತ್ತುಂಟು," ಎಂದೆ.

ಅವರು ಇನ್ನೊಂದು ಜಾಯಿಂಟು ತಂದು ಬದಲಿಸಿದರು. ಅದೂ ನಮ್ಮದೇ. ಅದರಲ್ಲೂ ಅದೇ ಚುಕ್ಕೆ. ಬೇರೆ ಎಲ್ಲಿಂದ ತರುವುದು?

ಮೂರನೇ ದಿನ ಹೊಟ್ಟೆಯಿಂದ ಹೊರಗೆ ಬರುವ ನೀರು ಗಂಜಿಯ ತಿಳಿಯ ಹಾಗೆ ಬಂತು. ಜ್ವರ. ಹೊಟ್ಟೆ ಹಲಗೆಯ ಹಾಗೆ ಗಟ್ಟಿ. ಕೈಯಲ್ಲಿದ್ದ ಎಲ್ಲ ಮದ್ದು ಹಾಕಿದರು. ಆರನೇ ದಿನ ಬೆಳಿಗ್ಗೆ ಮೂತ್ರ ಬರಲು ಶುರುವಾಯಿತು. ಡಾಕ್ಟರು ಹೇಳಿದ ಹಾಗೆ ಕಿಡ್ನಿ ತಾನಾಗಿಯೇ ಎದ್ದಿತ್ತು. ಅದೇ ದಿನ ಮಧ್ಯಾಹ್ನ ಅಮ್ಮ ತೀರಿಹೋದರು. ಹಾವಿನಿಂದ ಅಲ್ಲ, ಕಿಡ್ನಿಯಿಂದ ಅಲ್ಲ. ಹೊಟ್ಟೆಯೊಳಗೆ ನಾವು ಕಳಿಸಿದ ಕೀಟಾಣುವಿನಿಂದ.

ವರಾಂಡದಲ್ಲಿ ಅಣ್ಣ ತಂಗಿ ಇಬ್ಬರೂ ಗೋಡೆಗೆ ಒರಗಿ ನಿಂತಿದ್ದರು. ನಾನು ಕಾಫಿಯ ಫ್ಲಾಸ್ಕ್ ಹಿಡಿದುಕೊಂಡು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಸದಣ್ಣ ತಂಗಿಯ ಕಡೆ ತಿರುಗಿ, ದನಿ ಏರಿಸದೆ, ಒಂದೇ ಮಾತು ಹೇಳಿದರು.

"ನೀನು ಊದಿದ್ದಲ್ವಾ."

ಜಲಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅವಳು ಅತ್ತದ್ದನ್ನು ನಾನು ಕೇಳಿಲ್ಲ, ನೋಡಿದ್ದು ಮಾತ್ರ.

ಆಸ್ಪತ್ರೆಯವರು ರಾಯರನ್ನು ಕರೆಸಿ ಬೈದರು. ಬಾಯಿಯಿಂದ ಊದಿದ ಮಾಲು ಕೊಟ್ಟಿದ್ದೀರಿ ಎಂದರು. ರಾಯರು ಕೈ ಮುಗಿದು ಒಪ್ಪಿಕೊಂಡರು. ಮಾರನೇ ದಿನವೇ ಸೈಕಲ್ ಪಂಪು ಬಂತು. ಜಲಜ ಕೆಲಸಕ್ಕೆ ಬರಲಿಲ್ಲ. ಯಾರೂ ಬಿಡಿಸಿರಲಿಲ್ಲ, ಅವಳೇ ಬರಲಿಲ್ಲ. ಕಾರಣ ಎಲ್ಲರಿಗೂ ಸಿಕ್ಕಿತ್ತು. ಹೇಳಲು ಸುಲಭದ ಕಾರಣ.

ಲೀಲಮ್ಮ ಒಬ್ಬರಿಗೆ ಮಾತ್ರ ಅದು ಸಾಲಲಿಲ್ಲ. ಎಂಟು ಹತ್ತು ದಿನ ಕಳೆದು ನನ್ನನ್ನು ಕರೆಸಿ, ಗಾಜ್ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ಕೈಗೆ ಕೊಟ್ಟರು. ಮೊದಲ ದಿನ ಆ ಅಮ್ಮನಿಗೆ ಹಾಕಿದ್ದ ಜಾಯಿಂಟು. "ಊದಿದ್ದು ಎಷ್ಟೋ ತಿಂಗಳ ಹಿಂದೆ. ಆಮೇಲೆ ಇದು ಎಷ್ಟು ಜನರಿಗೆ ಹೋಗಿ ಬಂದಿದೆ. ಅವಳ ಉಸಿರು ಇಷ್ಟು ದಿವಸ ಇದರಲ್ಲಿ ಕೂತಿರ್ತದಾ? ಒಳಗೆ ನೋಡಿ."

ಸದಣ್ಣ ಹದಿಮೂರನೆಯ ದಿನದ ಕಾರ್ಯಕ್ಕೆಂದು ರಜೆಯಲ್ಲಿದ್ದರು. ನಾನು ಆ ತುಂಡನ್ನು ವೈಸಿಗೆ ಕಚ್ಚಿಸಿ, ಗರಗಸದಿಂದ ಉದ್ದಕ್ಕೆ ಸೀಳಿದೆ. ರಿಂಗ್ ಎತ್ತಿ ನೋಡಿದೆ. ಅದರ ಹಿಂದೆ, ಗ್ರೂವಿನೊಳಗೆ, ಕಂದು ಬಣ್ಣದ ಲೋಳೆ. ಎಷ್ಟು ರೋಗಿಗಳ ಸಕ್ಕರೆ ನೀರು ಅಲ್ಲಿ ಸೇರಿ ಹಳಸಿತ್ತೋ. ಔಷಧಿ ನೀರು ರಿಂಗಿನ ಹಿಂದೆ ಹೋಗಿರಲಿಲ್ಲ, ಹೋಗದ ಹಾಗೆ ನಾನೇ ಮಾಡಿದ್ದೆ. ಲೋಳೆಯಲ್ಲಿ ಒಂದು ಸತ್ತ ಇರುವೆ ಇತ್ತು. ವಾಸನೆ ಈಗಲೂ ಹೇಳಬಲ್ಲೆ, ಹೇಳುವುದಿಲ್ಲ.

ಎರಡು ಹೋಳನ್ನೂ ರಾಯರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿ ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. ಬುದ್ಧಿವಂತರು, ವಿವರಿಸಬೇಕಾಗಲಿಲ್ಲ.

"ಇದು ಯಾರಿಗೆಲ್ಲ ಗೊತ್ತುಂಟು?"

"ಸಿಸ್ಟರ್ ಲೀಲಮ್ಮನಿಗೆ ಸಂಶಯ ಉಂಟು. ಸೀಳಿದ್ದು ನಾನು ಮಾತ್ರ."

"ಐರಿನ್, ಆಸ್ಪತ್ರೆಯವರು ಊದಿದ್ರಿಂದ ಆಯ್ತು ಅಂತ ಒಪ್ಪಿ ಆಗಿದೆ. ಪಂಪು ಬಂದಾಯ್ತು. ಈಗ ನೀನು ಗ್ರೂವ್ ಅಂತ ಹೇಳಿದ್ರೆ ಇದಕ್ಕಿಂತ ಮುಂಚೆ ಸತ್ತವರ ಮನೆಯವರೆಲ್ಲ ಬರ್ತಾರೆ. ಶೆಡ್ಡು ಮುಚ್ಚಬೇಕು. ಇಷ್ಟು ಜನ ಎಲ್ಲಿಗೆ ಹೋಗುದು?"

"ಜಲಜ?"

"ಅವಳಿಗೆ ಮದುವೆ ಆಗ್ತದೆ. ಮರೀತಾಳೆ." ಹೋಳುಗಳನ್ನು ನನ್ನ ಕಡೆಗೆ ತಳ್ಳಿ ಹೇಳಿದರು: "ಮತ್ತೆ ಆ ಗ್ರೂವ್ ತೆಗೆದದ್ದು ಯಾರ ಕೈ? ಸದಾನಂದನ ಕೈ. ಅವನಿಗೆ ಹೋಗಿ ಹೇಳ್ತೀಯಾ, ನಿನ್ನ ಅಮ್ಮನ್ನ ಕೊಂದದ್ದು ನಿನ್ನ ಉಳಿ ಅಂತ?"

ನಾನು ಹೇಳಲಿಲ್ಲ. ರಾಯರು ತಡೆದರು ಎಂದು ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಬರಬಹುದು, ಆದರೆ ಅದು ಸುಳ್ಳಾಗುತ್ತದೆ. ರಾಯರ ಮಾತು ನನಗೆ ಅನುಕೂಲವಾಗಿತ್ತು. ಸದಣ್ಣನ ಮನಸ್ಸು ನೋಯಬಾರದು ಎನ್ನುವುದರ ಹಿಂದೆ ನಾನು ಅಡಗಿಕೊಂಡೆ. ಉಳಿ ಅವರದು, ಡ್ರಾಯಿಂಗು ನನ್ನದು. ಕೆಳಗೆ ಬಲ ಮೂಲೆಯಲ್ಲಿ ನನ್ನ ಸಹಿ ಇತ್ತು.

ರಿಂಗ್ ಹಳತಾಗಿದೆ, ಬದಲಿಸಿ ಕೊಡುತ್ತೇವೆ ಎಂದು ನೆಪ ಹೇಳಿ ಎಲ್ಲ ಕಡೆಯಿಂದ ಆ ಜಾಯಿಂಟುಗಳನ್ನು ವಾಪಸು ತರಿಸಿದೆವು. ಲೀಲಮ್ಮನಿಗೂ ಅದೇ ನೆಪ. ಕೆಲವು ಜಾಯಿಂಟು ಬರಲೇ ಇಲ್ಲ. ಅವು ಎಲ್ಲಿ ಹೋದವು, ಯಾರ ಹೊಟ್ಟೆಗೆ ಹೋದವು, ಗೊತ್ತಿಲ್ಲ. ಇದಕ್ಕೆ ಮುಂಚೆ ಸತ್ತವರಲ್ಲಿ ನಮ್ಮಿಂದ ಸತ್ತವರು ಎಷ್ಟು, ಅದೂ ಗೊತ್ತಿಲ್ಲ. ಯಾರೂ ಬರೆದಿಡಲಿಲ್ಲ.

ಹೊಸ ಡ್ರಾಯಿಂಗಿನಲ್ಲಿ ಗ್ರೂವ್ ಇಲ್ಲ, ರಿಂಗ್ ಇಲ್ಲ. ಟೇಪರ್ ಉದ್ದ ಮಾಡಿ, ಹೊರಗಿನಿಂದ ತಿರುಪಿ ಬಿಗಿಯುವ ಒಂದು ಕಾಲರ್ ಹಾಕಿದೆ. ನೀರು ಮುಟ್ಟುವ ಜಾಗದಲ್ಲಿ ಒಂದು ಸಂದು ಇಲ್ಲ, ಎಷ್ಟು ಬೇಕಾದರೂ ಕುದಿಸಬಹುದು. ಸದಣ್ಣ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಗ್ರೂವ್ ಯಾಕೆ ಬಿಟ್ಟದ್ದು?"

"ಖರ್ಚು ಕಮ್ಮಿ ಆಗ್ತದೆ ಸದಣ್ಣ."

"ಕಾಲರಿಗೆ ಹಿತ್ತಾಳೆ ಜಾಸ್ತಿ ಬೇಕಲ್ಲ."

ನಾನು ಪೆನ್ಸಿಲಿನ ಮೊನೆ ಕೆತ್ತಲು ಶುರು ಮಾಡಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಕಾಗದವನ್ನು ಲೇತಿನ ಪಕ್ಕದ ಮೊಳೆಗೆ ಸಿಕ್ಕಿಸಿ ಕೆಲಸ ಶುರು ಮಾಡಿದರು. ಅವರಿಗೆ ಸಂಶಯ ಬಂತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಬಂದಿದ್ದರೆ, ಕೇಳದಿರಲು ಅವರಿಗೂ ಅವರದೇ ಕಾರಣ ಇದ್ದಿರಬೇಕು.

ಏಳು ವರ್ಷ ಅವರ ಲೇತಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ಡ್ರಾಯಿಂಗ್ ಮಾಡಿದೆ. ಆ ಏಳು ವರ್ಷದಲ್ಲಿ ಅವರು ತಂಗಿಯ ಹೆಸರು ಎತ್ತಲಿಲ್ಲ. ಜಲಜಳಿಗೆ ಮದುವೆಯಾಯಿತು, ಅದೇ ಕಾಪುವಿನಲ್ಲಿ, ಅಣ್ಣನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರಕ್ಕೆ. ಅವರ ಕಡೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ದಿನ ಉಂಟು. ಮನೆಯವರು ಒಬ್ಬೊಬ್ಬರೇ ಬಂದು ಒಂದೊಂದು ಪದಾರ್ಥ ಬಡಿಸಬೇಕು. ಅಮ್ಮನ ಎಲೆಗೆ ಬಡಿಸಲು ಜಲಜ ಮೊದಲ ವರ್ಷ ಹೋದಳಂತೆ. ಸದಣ್ಣ ಬಾಗಿಲಲ್ಲಿ ನಿಂತು, "ನೀನು ಮುಟ್ಟುದು ಬೇಡ" ಎಂದರಂತೆ. ಶೆಡ್ಡಿನಲ್ಲಿ ಹೆಂಗಸರು ಇದನ್ನು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನಾನು ಟಿ-ಸ್ಕ್ವೇರ್ ಸರಿಸಿ ಗೆರೆ ಎಳೆದೆ.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸೆಟ್ಟುಗಳು ಬೊಂಬಾಯಿಯಿಂದ ಪ್ಯಾಕೆಟ್ಟಿನಲ್ಲಿ ಬರತೊಡಗಿದವು. ತೊಳೆಯುವುದಿಲ್ಲ, ಕುದಿಸುವುದಿಲ್ಲ, ಪ್ಯಾಕೆಟ್ ಒಡೆದು ರೋಗಿಗೆ ಹಾಕುವುದು, ಆಮೇಲೆ ಎಸೆಯುವುದು. ಮೊದಲ ಪ್ಯಾಕೆಟ್ ನೋಡಿದಾಗ ನನಗೆ ಅನಿಸಿದ್ದು, ಇದು ಆರು ವರ್ಷ ಮುಂಚೆ ಬರಬಾರದಿತ್ತಾ ಎಂದು. ಆರ್ಡರು ಕಮ್ಮಿಯಾಯಿತು. ಒಂದು ದಿನ ಸದಣ್ಣ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಎದೆ ಹಿಡಿದು ಕೂತವರು ಏಳಲಿಲ್ಲ. ಮರುವರ್ಷ ರಾಯರು ಶೆಡ್ಡಿಗೆ ಬೀಗ ಹಾಕಿದರು. ಮುಚ್ಚಬಾರದು ಎಂದು ಬಾಯಿ ಮುಚ್ಚಿಸಿದ ಶೆಡ್ಡು ಹೇಗೂ ಮುಚ್ಚಿತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮನೆಗೆ ಹೋಗದೆ ಶಿರ್ವದಿಂದ ಕಾಪುವಿನ ಬಸ್ಸು ಹತ್ತಿದೆ. ಜಲಜ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು. ನನ್ನನ್ನು ಕೂಡಲೇ ಗುರುತಿಸಿದಳು.

"ಐರಿನಕ್ಕ, ಕೂತ್ಕೊಳ್ಳಿ. ಚಾ ಮಾಡ್ಲಾ?"

"ಬೇಡ ಜಲಜ. ಒಂದು ವಿಷಯ ಹೇಳ್ಲಿಕ್ಕುಂಟು."

ಎಲ್ಲ ಹೇಳಿದೆ. ಇರುವೆಯಿಂದ ಹಿಡಿದು ಸೀಳಿದ ತುಂಡಿನವರೆಗೆ. ಅವಳ ಬೆರಳು ನಿಲ್ಲಲಿಲ್ಲ. ಎಲೆ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ, ಪಕ್ಕಕ್ಕೆ ಇಟ್ಟು, ಇನ್ನೊಂದು ತೆಗೆದಳು. ನಾನು ಮುಗಿಸಿದ ಮೇಲೆ ಮಾತ್ರ ಕೈ ನಿಂತಿತು.

"ಅಣ್ಣನಿಗೆ ಹೇಳಿದ್ರಾ?"

"ಇಲ್ಲ."

"ಯಾಕೆ?"

"ಗ್ರೂವ್ ತೆಗೆದದ್ದು ಅವರ ಕೈ. ಅವರಿಗೆ ಬೇಜಾರಾಗ್ತದೆ ಅಂತ."

ಅವಳು ಕೈಯಲ್ಲಿದ್ದ ಎಲೆಯನ್ನು ಗೆರಸೆಗೆ ಇಟ್ಟಳು. "ನನಗೆ ಆಗುದಿಲ್ಲ ಅಂತ ಗ್ರಹಿಸಿದ್ರಾ?"

ನಾನು ತಲೆ ತಗ್ಗಿಸಿದೆ.

"ನನ್ನ ಮಗುವಿಗೆ ಬಿಸಿ ಗಂಜಿ ಊದಿ ಕೊಟ್ಟಿಲ್ಲ ನಾನು, ಐರಿನಕ್ಕ. ತಟ್ಟೆಯಲ್ಲಿ ಹರಡಿ, ತಣಿಯುವವರೆಗೆ ಕಾಯುದು. ಮಗು ಕೂಗಿದ್ರೂ ಕಾಯುದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಅದು ಹೋಗ್ಲಿ. ಅಣ್ಣ ಇರುವಾಗ ಒಂದು ಮಾತು ಹೇಳ್ಬೇಕಿತ್ತು ನೀವು. ಅವ ಹೋದ ಮೇಲೆ ಅವನ ಎಲೆಗೂ ಬಡಿಸ್ಲಿಕ್ಕೆ ಬಿಡಲಿಲ್ಲ ಅತ್ತಿಗೆ. ಈಗ ನನಗೆ ಹೇಳಿ ಎಂತ ಮಾಡುದು? ನಾನು ಯಾರಿಗೆ ಹೇಳುದು?"

"ನಿನ್ನ ಅತ್ತಿಗೆಗೆ ನಾನೇ ಹೇಳ್ತೇನೆ. ಈಗಲೇ ಹೋಗ್ತೇನೆ."

"ಹೋಗಿ," ಎಂದಳು. ಮತ್ತೆ ಎಲೆ ಕೈಗೆ ತೆಗೆದುಕೊಂಡಳು.

ಸದಣ್ಣನ ಹೆಂಡತಿ ಅಂಗಳದಲ್ಲಿ ನಿಂತೇ ಕೇಳಿದರು. ಒಳಗೆ ಕರೆಯಲಿಲ್ಲ. ರಿಂಗ್, ಗ್ರೂವ್, ಸಕ್ಕರೆ ನೀರು, ನನ್ನ ಡ್ರಾಯಿಂಗು, ಎಲ್ಲ ಹೇಳಿದೆ. ತಪ್ಪು ನನ್ನದು ಎಂದು ಮೂರು ಸಲ ಹೇಳಿದೆ. ಅವರಿಗೆ ಕೇಳಿಸಿದ್ದು ಒಂದೇ.

"ಗ್ರೂವ್ ಮಾಡಿದ್ದು ಇವರು ಅಂದ್ರಲ್ಲ. ಅಂದ್ರೆ ಅಮ್ಮನನ್ನು ಕೊಂದದ್ದು ಇವರು ಅಂತಾ ಹೇಳ್ತೀರಾ?"

"ಇಲ್ಲ, ನಾನು ಬರೆದು ಕೊಟ್ಟದ್ದನ್ನು ಅವರು..."

"ಬದುಕಿರುವಾಗ ಎಲ್ಲಿ ಹೋಗಿದ್ರಿ? ಅವಳು ಕಳಿಸಿದ್ಲಾ ನಿಮ್ಮನ್ನು? ಸತ್ತವರ ಮೇಲೆ ಹಾಕ್ಲಿಕ್ಕೆ?"

ಬಾಗಿಲು ಹಾಕಿದರು. ಜಲಜಳ ಜಗಲಿಯಿಂದ ಆ ಅಂಗಳ ಕಾಣುತ್ತದೆ. ಅವಳು ಎಲ್ಲ ನೋಡಿದಳು. ನಾನು ಆ ಕಡೆಯಿಂದಲೇ ಬಸ್ಸಿಗೆ ಹೋಗಬೇಕಿತ್ತು. ನಾನು ಹತ್ತಿರ ಬಂದಾಗ ಅವಳು ಗೆರಸೆ ಎತ್ತಿಕೊಂಡು ಒಳಗೆ ಹೋದಳು. ಮರುವರ್ಷವೂ ಅವಳನ್ನು ಬಡಿಸಲು ಬಿಡಲಿಲ್ಲ ಎಂದು ಕೇಳಿದೆ. ಅದಕ್ಕೆ ಹೊಸ ಕಾರಣವನ್ನು ನಾನೇ ಕೊಟ್ಟು ಬಂದಿದ್ದೆ.

ಕೆಲಸಕ್ಕೆ ಸೇರುತ್ತಿರುವ ಹುಡುಗಿಗೆ ಇಷ್ಟೇ. ಸಂದು ಬಿಡಬೇಡ, ವಾರ್ಡಿಗೆ ಹೋಗಿ ನಿಲ್ಲು, ನರ್ಸ್ ಹೇಳಿದ್ದಕ್ಕೆ ನಗಬೇಡ. ಇವನ್ನೆಲ್ಲ ನಿನಗೆ ಕಂಪೆನಿಯಲ್ಲೂ ಕಲಿಸುತ್ತಾರೆ.

ಉಳಿದವರಿಗೆ ಒಂದು ಕೇಳುವುದುಂಟು. ನಿಮ್ಮ ಕೆಲಸದ ತಪ್ಪನ್ನು ಬೇರೆ ಯಾರಾದರೂ ಹೊತ್ತುಕೊಂಡು ಬದುಕುತ್ತಿದ್ದಾರಾ? ಅಥವಾ ಬೇರೆಯವರದ್ದನ್ನು ನೀವು ಹೊತ್ತಿದ್ದೀರಾ? ಇಲ್ಲಿ ಕೆಳಗೆ ಬರೆಯಿರಿ. ಹೆಸರು ಬೇಡ, ಊರು ಬೇಡ. ಎಷ್ಟು ಉದ್ದ ಇದ್ದರೂ ಓದುತ್ತೇನೆ, ನನಗೆ ಈಗ ಬೇರೆ ಕೆಲಸ ಇಲ್ಲ. ಆದರೆ ಆ ಮನುಷ್ಯ ಇನ್ನೂ ಬದುಕಿದ್ದರೆ ಇಲ್ಲಿ ಬರೆಯಲು ಕೂರಬೇಡಿ. ಮೊದಲು ಅವರ ಮನೆಗೆ ಹೋಗಿ ಬನ್ನಿ. ಬರೆಯುವುದು ಆಮೇಲೆ.